ಪ್ರಾಕ್ಸಿಯ ಲೈಟ್ ಉರಿಯುತ್ತೆ, ಪಿಎಲ್‌ಸಿಗೆ ಸಿಗ್ನಲ್ ಬರಲ್ಲ: ಯಾಕೆ?

ಓದುಗರ ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಒಂದು ಮೆಷಿನ್‌ನ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಗುರುತಿಸುವ ಸೆನ್ಸರ್, ಅಂದರೆ ಪ್ರಾಕ್ಸಿ) ಕೆಟ್ಟುಹೋಯಿತು. ಎಸ್.ಪಿ. ರಸ್ತೆಯಿಂದ ಅದೇ ಸೈಜಿನ, ಅದೇ ಮೂರು ಬಣ್ಣದ ವೈರಿರುವ ಹೊಸದನ್ನು ತಂದು ಹಾಕಿದೆವು. ಮುಂದೆ ಕಬ್ಬಿಣ ಹಿಡಿದರೆ ಸೆನ್ಸರ್ ಮೇಲಿನ ಲೈಟ್ ಚೆನ್ನಾಗಿ ಉರಿಯುತ್ತದೆ. ಆದರೆ ಪಿಎಲ್‌ಸಿಯ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಇನ್‌ಪುಟ್ ಲೈಟ್ ಬರುವುದೇ ಇಲ್ಲ. ಹೊಸ ಪೀಸೇ ಹಾಳಾಗಿದೆಯಾ? ಕೇಬಲ್ ಕೂಡ ಬದಲಿಸಿ ಅಂತಿದ್ದಾರೆ. ಯಾವುದು ತಗೋಬೇಕು?

ಉತ್ತರ: ಪೀಸ್ ಹಾಳಾಗಿರುವ ಸಾಧ್ಯತೆ ಕಮ್ಮಿ. ಪಿಎನ್‌ಪಿ ಇದ್ದ ಜಾಗಕ್ಕೆ ಎನ್‌ಪಿಎನ್ ಬಂದಿರಬೇಕು, ಇಲ್ಲವೇ ಅದರ ಉಲ್ಟಾ. ಇವು ಸೆನ್ಸರ್ ಔಟ್‌ಪುಟ್‌ನ ಎರಡು ಬಗೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಎರಡರಲ್ಲೂ ಕಂದು ವೈರ್ ಪ್ಲಸ್, ನೀಲಿ ವೈರ್ ಮೈನಸ್, ಕಪ್ಪು ವೈರ್ ಔಟ್‌ಪುಟ್. ವ್ಯತ್ಯಾಸ ಇರುವುದು ಆ ಕಪ್ಪು ವೈರ್ ಏನು ಮಾಡುತ್ತದೆ ಅನ್ನುವುದರಲ್ಲಿ.

ಪಿಎನ್‌ಪಿ ಸೆನ್ಸರ್ ಲೋಹ ಕಂಡ ಕೂಡಲೇ ಕಪ್ಪು ವೈರನ್ನು 24 ವೋಲ್ಟ್‌ಗೆ ಸೇರಿಸುತ್ತದೆ. ಎನ್‌ಪಿಎನ್ ಅದೇ ವೈರನ್ನು 0 ವೋಲ್ಟ್‌ಗೆ ಸೇರಿಸುತ್ತದೆ. ಈಗ ಪಿಎಲ್‌ಸಿ ಕಡೆ ಬನ್ನಿ. ಪ್ರತಿ ಇನ್‌ಪುಟ್‌ನ ಒಳಗೂ ಒಂದು ಪುಟ್ಟ ಎಲ್‌ಇಡಿ, ಅದರ ಜೊತೆ ಒಂದು ರೆಸಿಸ್ಟರ್ ಇರುತ್ತದೆ. ಇದರ ಒಂದು ತುದಿ ನೀವು ವೈರ್ ಹಾಕುವ ಇನ್‌ಪುಟ್ ಟರ್ಮಿನಲ್. ಇನ್ನೊಂದು ತುದಿ ಎಲ್ಲ ಇನ್‌ಪುಟ್‌ಗಳಿಗೂ ಸೇರಿದ ಕಾಮನ್. ಕಾಮನ್ 0 ವೋಲ್ಟ್‌ನಲ್ಲಿದ್ದರೆ ಇನ್‌ಪುಟ್ ಟರ್ಮಿನಲ್‌ಗೆ 24 ವೋಲ್ಟ್ ಬರಬೇಕು, ಆಗಷ್ಟೇ ಕರೆಂಟ್ ಹರಿಯುತ್ತದೆ. ಅಲ್ಲಿಗೆ ಎನ್‌ಪಿಎನ್ ಸೆನ್ಸರ್ ಹಾಕಿದರೆ ಆ ಕಡೆಯೂ 0, ಈ ಕಡೆಯೂ 0. ಇನ್ನು ಕರೆಂಟ್ ಎಲ್ಲಿಂದ ಹರಿಯಬೇಕು?

ಸೆನ್ಸರ್ ಮೇಲಿನ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ. "ನನಗೆ ಲೋಹ ಕಂಡಿತು, ನನ್ನ ಸ್ವಿಚ್ ಹಾಕಿದ್ದೇನೆ" ಅಂತಷ್ಟೇ ಅದು ಹೇಳುವುದು. ಕಪ್ಪು ವೈರಿನಲ್ಲಿ ಕರೆಂಟ್ ಹೋಯಿತಾ, ಪಿಎಲ್‌ಸಿಗೆ ಮುಟ್ಟಿತಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕಪ್ಪು ವೈರನ್ನು ಕಿತ್ತು ಗಾಳಿಯಲ್ಲಿ ಬಿಟ್ಟರೂ ಆ ಲೈಟ್ ಉರಿಯುತ್ತದೆ. ಹಾಗಾಗಿ ಅದನ್ನು ನಂಬಿ ಕೂತರೆ ಇಡೀ ದಿನ ಹೋಗುತ್ತದೆ.

ಹಳೆಯ ಸೆನ್ಸರಿನ ಲೇಬಲ್ ಅಳಿಸಿಹೋಗಿದ್ದರೂ ಯಾವುದು ಬೇಕು ಅಂತ ಕಂಡುಹಿಡಿಯಬಹುದು. ಪ್ಯಾನಲ್ ತೆಗೆದು ಪಿಎಲ್‌ಸಿಯ ಇನ್‌ಪುಟ್ ಕಾಮನ್ ಟರ್ಮಿನಲ್ ಹುಡುಕಿ. ಮಿತ್ಸುಬಿಷಿ ಎಫ್‌ಎಕ್ಸ್3ಯು ಮತ್ತು ಡೆಲ್ಟಾ ಡಿವಿಪಿಯಲ್ಲಿ ಅದರ ಮೇಲೆ ಎಸ್/ಎಸ್ ಅಂತ ಬರೆದಿರುತ್ತದೆ. ಸೀಮೆನ್ಸ್ ಎಸ್7-1200ರಲ್ಲಿ 1ಎಂ ಅಂತ ಇರುತ್ತದೆ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ. ಕಪ್ಪು ಪ್ರೋಬ್ ಎಸ್‌ಎಂಪಿಎಸ್‌ನ (24 ವೋಲ್ಟ್ ಸಪ್ಲೈ) ಮೈನಸ್‌ಗೆ, ಕೆಂಪು ಪ್ರೋಬ್ ಆ ಕಾಮನ್‌ಗೆ ಹಿಡಿಯಿರಿ. 0 ತೋರಿಸಿದರೆ ನಿಮಗೆ ಬೇಕಿರುವುದು ಪಿಎನ್‌ಪಿ. 24 ತೋರಿಸಿದರೆ ಎನ್‌ಪಿಎನ್. ಮ್ಯಾನುಯಲ್‌ಗಳಲ್ಲಿ ಬರುವ ಸಿಂಕ್, ಸೋರ್ಸ್ ಎಂಬ ಪದಗಳ ಹಿಂದೆ ಹೋಗಬೇಡಿ. ಒಂದು ಕಂಪನಿ ಸಿಂಕ್ ಇನ್‌ಪುಟ್ ಅಂದಾಗ ಎನ್‌ಪಿಎನ್ ಹಾಕಬೇಕು, ಇನ್ನೊಂದು ಕಂಪನಿ ಅದೇ ಪದ ಹೇಳಿದಾಗ ಪಿಎನ್‌ಪಿ ಹಾಕಬೇಕು. ಮೀಟರಿನ ಜೊತೆ ಅಂಥ ತಕರಾರಿಲ್ಲ. ಪ್ಯಾನಲ್ ಒಳಗೆ 230, 415 ವೋಲ್ಟ್ ಕೂಡ ಇರುತ್ತದೆ, ಕೈ ಹುಷಾರು.

ಕೈಯಲ್ಲಿರುವ ಸೆನ್ಸರ್ ಯಾವುದು ಅಂತ ತಿಳಿಯಲು ಒಂದು ಪುಟ್ಟ 24 ವೋಲ್ಟ್ ರಿಲೇ ಸಾಕು. ಮೊದಲು ಕಂದು ಮತ್ತು ನೀಲಿಗೆ ಸಪ್ಲೈ ಕೊಡಿ. ರಿಲೇ ಕಾಯಿಲನ್ನು ಕಪ್ಪು ಮತ್ತು ನೀಲಿಯ ನಡುವೆ ಹಾಕಿ, ಸ್ಪ್ಯಾನರ್ ತುದಿಯನ್ನು ಸೆನ್ಸರಿನ ಮುಂದೆ ತನ್ನಿ. ಟಕ್ ಅಂದರೆ ಪಿಎನ್‌ಪಿ. ಸುಮ್ಮನಿದ್ದರೆ ಕಾಯಿಲನ್ನು ಕಂದು ಮತ್ತು ಕಪ್ಪಿನ ನಡುವೆ ಹಾಕಿ ನೋಡಿ. ಈಗ ಟಕ್ ಅಂದರೆ ಎನ್‌ಪಿಎನ್. ಎನ್‌ಸಿ (ಲೋಹ ಇಲ್ಲದಾಗ ಆನ್ ಇರುವ) ಸೆನ್ಸರ್ ಆಗಿದ್ದರೆ ರಿಲೇ ಮೊದಲೇ ಎಳೆದುಕೊಂಡಿದ್ದು, ಸ್ಪ್ಯಾನರ್ ತಂದಾಗ ಬಿಡುತ್ತದೆ. ಬರೀ ಮೀಟರಿನಲ್ಲಿ ನೋಡಿದರೆ ಕೆಲವೊಮ್ಮೆ ಮೋಸ ಹೋಗುತ್ತೀರಿ. ಲೋಡ್ ಇಲ್ಲದ ಕಪ್ಪು ವೈರ್ ತೇಲುತ್ತಾ ಏನೇನೋ ವೋಲ್ಟೇಜ್ ತೋರಿಸುತ್ತದೆ. ರಿಲೇ ಸಿಗದಿದ್ದರೆ 4.7 ಕಿಲೋ ಓಮ್‌ನ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ.

ತಪ್ಪು ಸೆನ್ಸರ್ ಬಂದಿದೆ ಅಂತ ಗೊತ್ತಾದರೆ ಅಂಗಡಿಗೆ ಹೋಗಿ ಬದಲಿಸಿಕೊಳ್ಳುವುದೇ ಸರಿ. "ಎಸ್/ಎಸ್ ವೈರ್ ಆ ಕಡೆಯಿಂದ ಈ ಕಡೆಗೆ ಹಾಕಿಬಿಡಿ, ಆಯ್ತು" ಅನ್ನುವವರು ಸಿಗುತ್ತಾರೆ. ಆಗೋದು ನಿಜ, ಆದರೆ ಆ ಕಾಮನ್‌ಗೆ ಸೇರಿದ ಬೇರೆ ಸೆನ್ಸರ್‌ಗಳೆಲ್ಲ ಅದೇ ಕ್ಷಣ ಕೆಲಸ ನಿಲ್ಲಿಸುತ್ತವೆ, ಪುಶ್ ಬಟನ್ನುಗಳ ವೈರಿಂಗೂ ಬದಲಾಗಬೇಕು. ಅವತ್ತಿನ ಪ್ರೊಡಕ್ಷನ್ ನಿಲ್ಲಬಾರದು ಅಂದರೆ ನಡುವೆ ಒಂದು ರಿಲೇ ಹಾಕಿ ದಿನ ದೂಡಬಹುದು. ಸಿಲಿಂಡರ್ ಮುಂದೆ ಬಂತಾ, ಹಿಂದೆ ಹೋಯಿತಾ ಅಂತ ನೋಡುವ ಕೆಲಸಕ್ಕೆ ಅದು ನಡೆಯುತ್ತದೆ. ಗೇರಿನ ಹಲ್ಲು ಎಣಿಸುವ, ಸ್ಪೀಡ್ ಅಳೆಯುವ ಜಾಗದಲ್ಲಿ ಬೇಡವೇ ಬೇಡ. ರಿಲೇಯ ಕಾಂಟ್ಯಾಕ್ಟ್ ನಿಧಾನ, ಸಾಲದ್ದಕ್ಕೆ ಮುಚ್ಚುವಾಗ ಕುಣಿಯುತ್ತದೆ. ಎಣಿಕೆ ಕೆಡುತ್ತದೆ.

ಹೊಸ ಮೆಷಿನ್ ಕಟ್ಟಿಸುವಾಗ ಎರಡರಲ್ಲಿ ಯಾವುದು ಅಂತ ಕೇಳಿದರೆ, ನಾನು ಪಿಎನ್‌ಪಿ ಅನ್ನುತ್ತೇನೆ. ಸಾಮಾನ್ಯವಾಗಿ ಪ್ಯಾನಲ್‌ನಲ್ಲಿ 24 ವೋಲ್ಟ್ ಸಪ್ಲೈಯ ಮೈನಸ್ಸನ್ನು ಅರ್ಥ್‌ಗೆ ಸೇರಿಸಿರುತ್ತಾರೆ. ಅಂದರೆ ಮೆಷಿನ್ ಬಾಡಿಯೂ 0 ವೋಲ್ಟ್. ಎನ್‌ಪಿಎನ್‌ನ ಕಪ್ಪು ವೈರ್ ಎಲ್ಲೋ ಉಜ್ಜಿ, ಸಿಪ್ಪೆ ಹೋಗಿ ಬಾಡಿಗೆ ತಾಗಿತು ಅಂದುಕೊಳ್ಳಿ. ಪಿಎಲ್‌ಸಿಗೆ ಅದು "ಜಾಬ್ (ಮೆಷಿನ್ ಕೆಲಸ ಮಾಡಬೇಕಾದ ತುಂಡು) ಬಂದಿದೆ" ಅನ್ನುವ ಸಿಗ್ನಲ್. ಜಾಬ್ ಇಲ್ಲದಿದ್ದರೂ ಸಿಲಿಂಡರ್ ಓಡುತ್ತದೆ. ಪಿಎನ್‌ಪಿಯಲ್ಲಿ ಅದೇ ವೈರ್ ಬಾಡಿಗೆ ತಾಗಿದರೆ ಸಿಗ್ನಲ್ ಹೋಗುತ್ತದೆ, ಮೆಷಿನ್ ನಿಲ್ಲುತ್ತದೆ. ಸುಮ್ನೆ ನಿಲ್ಲುವ ಮೆಷಿನ್, ತಾನಾಗಿ ಓಡುವ ಮೆಷಿನ್‌ಗಿಂತ ವಾಸಿ ಅಲ್ವಾ? ಯೂರೋಪಿನ ಮೆಷಿನ್‌ಗಳಲ್ಲಿ ಪಿಎನ್‌ಪಿ ರೂಢಿ, ಜಪಾನಿನ ಹಳೆಯ ಮೆಷಿನ್‌ಗಳಲ್ಲಿ ಎನ್‌ಪಿಎನ್ ಜಾಸ್ತಿ. ಒಂದೇ ಶೆಡ್ಡಿನಲ್ಲಿ ಎರಡೂ ಇದ್ದರೆ ಸ್ಟೋರ್‌ನಲ್ಲಿ ಬೇರೆ ಬೇರೆ ಡಬ್ಬಿ ಇಡಿಸಿ.

ಸೈಜ್ ಒಂದೇ ಅಂದಿದ್ದೀರಿ, ಅದರಲ್ಲೂ ಒಂದು ಮಾತಿದೆ. ಉದಾಹರಣೆಗೆ ಎಂ18, ಅಂದರೆ 18 ಮಿ.ಮೀ. ದಪ್ಪದ ಪ್ರಾಕ್ಸಿಯಲ್ಲಿ ಫ್ಲಶ್, ನಾನ್-ಫ್ಲಶ್ ಅಂತ ಎರಡು ಬಗೆ. ಫ್ಲಶ್ ಮಾದರಿಯನ್ನು ಲೋಹದ ಪ್ಲೇಟಿನ ಮಟ್ಟಕ್ಕೇ ಕೂರಿಸಬಹುದು. ಇದು ಲೋಹವನ್ನು ಗುರುತಿಸುವ ಸಾಮಾನ್ಯ ದೂರ 5 ಮಿ.ಮೀ. ನಾನ್-ಫ್ಲಶ್‌ಗೆ 8 ಮಿ.ಮೀ., ಆದರೆ ಅದರ ಮೂತಿಯ ಸುತ್ತ ಲೋಹ ಇರಬಾರದು. ಇದ್ದರೆ ಆ ಲೋಹವನ್ನೇ ಜಾಬ್ ಅಂದುಕೊಂಡು ಸದಾ ಆನ್ ಆಗಿರುತ್ತದೆ. ಈ 5, 8 ಎಂಬ ಲೆಕ್ಕ ಮೈಲ್ಡ್ ಸ್ಟೀಲ್‌ಗೆ ಮಾತ್ರ. ಅದರಲ್ಲೂ ಖಂಡಿತ ಕೆಲಸ ಮಾಡುವ ದೂರ ಅಂತ ಹಿಡಿಯುವುದು ಶೇ. 81ರಷ್ಟು, ಅಂದರೆ 5 ಇದ್ದದ್ದು ಸುಮಾರು 4. ಅಲ್ಯೂಮಿನಿಯಂ, ಹಿತ್ತಾಳೆ ಜಾಬ್ ಆದರೆ ದೂರ ಸುಮಾರು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಸ್ಟೀಲ್ ಜಾಬ್‌ಗೆ ಸೆಟ್ ಮಾಡಿದ ಬ್ರಾಕೆಟ್ಟಿನ ಮುಂದೆ ಒಂದು ದಿನ ಅಲ್ಯೂಮಿನಿಯಂ ಓಡಿಸಿ "ಸೆನ್ಸರ್ ಹೋಯ್ತು" ಅನ್ನುವುದು ಎಲ್ಲ ಕಡೆ ನಡೆಯುವ ಕಥೆ. ಎಲ್ಲ ಲೋಹಕ್ಕೂ ಒಂದೇ ದೂರ ಕೊಡುವ ಸೆನ್ಸರ್‌ಗಳಿವೆ, ಬೆಲೆ ಜಾಸ್ತಿ.

ಇನ್ನು ಕೇಬಲ್. ಸೆನ್ಸರಿನಿಂದಲೇ ಕೇಬಲ್ ಹೊರಬರುವ ಮಾದರಿ ಅಗ್ಗ. ಹಿಂಭಾಗದಲ್ಲಿ ಎಂ12 ಕನೆಕ್ಟರ್ ಇರುವ ಮಾದರಿಗೆ ಕೇಬಲ್ಲನ್ನು ಬೇರೆ ಕೊಳ್ಳಬೇಕು, ಒಟ್ಟು ಖರ್ಚು ಹೆಚ್ಚು. ಆದರೂ ಪದೇ ಪದೇ ಪೆಟ್ಟು ಬೀಳುವ ಜಾಗಕ್ಕೆ ಕನೆಕ್ಟರ್ ಇರುವುದನ್ನೇ ಹಾಕಿಸಿ. ಸೆನ್ಸರ್ ಹೋದರೆ ತಿರುಪು ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು, ಪ್ಯಾನಲ್‌ವರೆಗೆ ವೈರ್ ಎಳೆಯುವ ಕೆಲಸ ಇಲ್ಲ. ಕನೆಕ್ಟರಿನಲ್ಲಿ 1ನೇ ಪಿನ್ ಕಂದು, 2 ಬಿಳಿ, 3 ನೀಲಿ, 4 ಕಪ್ಪು. ನೀವೇ ವೈರ್ ಕಟ್ಟುವ ಕನೆಕ್ಟರ್ ತಂದರೆ ಪ್ಲಾಸ್ಟಿಕ್ ಮೇಲೆ ಅಚ್ಚಾಗಿರುವ ಪುಟ್ಟ ಅಂಕಿಗಳನ್ನು ಟಾರ್ಚ್ ಬಿಟ್ಟು ಓದಿ. ಚಿತ್ರ ನೋಡಿ ಅಂದಾಜಿನ ಮೇಲೆ ಕಟ್ಟಬೇಡಿ. ಮೇಲ್ ಕನೆಕ್ಟರಿನ ಚಿತ್ರ ಫೀಮೇಲ್‌ಗೆ ಕನ್ನಡಿಯಂತೆ ತಿರುಗುಮುರುಗಾಗಿರುತ್ತದೆ. ಬಿಳಿ ವೈರನ್ನು ಬಳಸದಿದ್ದರೂ ಬರಿದಾಗಿ ಬಿಡಬೇಡಿ. ನಾಲ್ಕು ವೈರಿನ ಪಿಎನ್‌ಪಿ ಸೆನ್ಸರಿನಲ್ಲಿ ಅದು ಎನ್‌ಸಿ ಔಟ್‌ಪುಟ್, ಲೋಹ ಇಲ್ಲದಾಗ ಅದರಲ್ಲಿ 24 ವೋಲ್ಟ್ ಇರುತ್ತದೆ.

ಕೇಬಲ್ ದಪ್ಪದ ಬಗ್ಗೆ ಸುಮ್ನೆ ಚಿಂತೆ ಬೇಡ. 0.34 ಚದರ ಮಿ.ಮೀ. ಕೇಬಲ್ 50 ಮೀಟರ್ ಎಳೆದರೂ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 5 ಓಮ್. 20 ಮಿಲಿಆಂಪಿಯರ್‌ಗೆ ಇಳಿಯುವ ವೋಲ್ಟೇಜ್ 0.1 ಮಾತ್ರ. ಪ್ರಾಕ್ಸಿಗೆ ಅದು ಲೆಕ್ಕಕ್ಕೇ ಇಲ್ಲ.

ಕೇಬಲ್ ಸಾಯುವುದು ಹೊರಗಿನ ಕವಚದಿಂದ. ಪಿವಿಸಿ ಅಗ್ಗ, ಒಣ ಜಾಗದಲ್ಲಿ ಅಲುಗಾಡದೆ ಇದ್ದರೆ ವರ್ಷಗಟ್ಟಲೆ ಬರುತ್ತದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್ ಒಳಗೆ ಕಟಿಂಗ್ ಆಯಿಲ್, ಕೂಲಂಟ್ ಬೀಳುವ ಕಡೆ ಅದೇ ಪಿವಿಸಿ ಗಟ್ಟಿಯಾಗುತ್ತದೆ. ಬಗ್ಗಿಸಿದರೆ ಸೀಳುತ್ತದೆ. ಆ ಸೀಳಿನಿಂದ ಇಳಿದ ಕೂಲಂಟ್ ಕೇಬಲ್ ಒಳಗೇ ಹರಿದು ಕನೆಕ್ಟರ್ ಸೇರುತ್ತದೆ, ಪಿನ್ ಹಸಿರಾಗುತ್ತದೆ. ಇಂಥ ಕಡೆ ಪಿಯುಆರ್ (ಪಾಲಿಯುರಿಥೇನ್) ಕವಚದ ಕೇಬಲ್ ಹಾಕಿ. ಡ್ರ್ಯಾಗ್ ಚೈನ್‌ನಲ್ಲಿ (ಚಲಿಸುವ ಭಾಗದ ಕೇಬಲ್ ಹೊತ್ತೊಯ್ಯುವ ಸರಪಳಿ) ಓಡಾಡುವುದಿದ್ದರೆ ಡ್ರ್ಯಾಗ್ ಚೈನ್‌ಗೆಂದೇ ಮಾಡಿದ ಪಿಯುಆರ್ ಕೇಳಿ, ಬಾಗಿನ ತ್ರಿಜ್ಯ ಕೇಬಲ್ ದಪ್ಪದ ಹತ್ತು ಪಟ್ಟಿಗಿಂತ ಚಿಕ್ಕದಾಗದಂತೆ ನೋಡಿಕೊಳ್ಳಿ. ಐಪಿ67 (ಧೂಳು, ನೀರು ಒಳಹೋಗದು ಎಂಬ ರೇಟಿಂಗ್) ಅನ್ನುವುದು ಕನೆಕ್ಟರಿನ ತಿರುಪು ಪೂರ್ತಿ ಬಿಗಿಯಾಗಿ, ಒಳಗಿನ ರಬ್ಬರ್ ರಿಂಗ್ ಒತ್ತಿಕೊಂಡಾಗ ಮಾತ್ರ ನಿಜ. ನಡುವೆ ಕತ್ತರಿಸಿ, ಹುರಿ ಮಾಡಿ, ಟೇಪ್ ಸುತ್ತಿದ ಜಾಯಿಂಟ್‌ಗೆ ಯಾವ ಐಪಿಯೂ ಇಲ್ಲ.

ತಲೆಯಲ್ಲೇ ಲೈಟ್ ಇರುವ ಎಂ12 ಕೇಬಲ್‌ಗಳೂ ಸಿಗುತ್ತವೆ. ಸಾಮಾನ್ಯವಾಗಿ ಅವು ಪಿಎನ್‌ಪಿಗೆಂದೇ ಮಾಡಿದವು. ಎನ್‌ಪಿಎನ್‌ಗೆ ಹಾಕಿದರೆ ಲೈಟ್ ಉಲ್ಟಾ ವರ್ತಿಸುತ್ತದೆ, ನೋಡುವವರ ತಲೆ ಕೆಡುತ್ತದೆ. ಸೆನ್ಸರ್ ಮೇಲೆಯೇ ಲೈಟ್ ಇದ್ದಮೇಲೆ ಇದಕ್ಕೆ ದುಡ್ಡು ಕೊಡಬೇಡಿ.

ಎಳೆಯುವ ದಾರಿ ಕೂಡ ಮುಖ್ಯ. ಡ್ರೈವಿನಿಂದ (ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಮೋಟರ್‌ಗೆ ಹೋಗುವ ಕೇಬಲ್ ಜೊತೆ ಸೆನ್ಸರ್ ಕೇಬಲ್ಲನ್ನು ಒಂದೇ ಟ್ರೇನಲ್ಲಿ ಉದ್ದಕ್ಕೂ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಟರ್ಮಿನಲ್‌ಗೆ ಹಾಕುವ ಮುಂಚೆ ತುದಿಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಪುಟ್ಟ ಲೋಹದ ಕೊಳವೆ) ಒತ್ತಿ, ಇಲ್ಲದಿದ್ದರೆ ಹೊರಗೆ ಉಳಿದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗುತ್ತದೆ.

ನಿಮ್ಮ ಕಾಮನ್ 0 ತೋರಿಸಿತು ಅಂತಿಟ್ಟುಕೊಂಡರೆ ಅಂಗಡಿಯಲ್ಲಿ ಹೀಗೆ ಕೇಳಿ: "ಎಂ18, ಫ್ಲಶ್, ಪಿಎನ್‌ಪಿ, ಎನ್‌ಒ, 10ರಿಂದ 30 ವೋಲ್ಟ್ ಡಿಸಿ, ಮೂರು ವೈರ್, ಎಂ12 ಕನೆಕ್ಟರ್. ಜೊತೆಗೆ ಎಂ12 ಫೀಮೇಲ್, ಸ್ಟ್ರೇಟ್, ಪಿಯುಆರ್ ಕೇಬಲ್ 5 ಮೀಟರ್, ಲೈಟ್ ಇಲ್ಲದ್ದು." ಸೈಜ್ ಎಂ18 ಹೌದೋ ಅಲ್ಲವೋ, ಫ್ಲಶ್ ಹೌದೋ ಅಲ್ಲವೋ, ಎನ್‌ಒ (ಲೋಹ ಬಂದಾಗ ಆನ್ ಆಗುವುದು) ಹೌದೋ ಅಲ್ಲವೋ ಅಂತ ಹಳೆಯದನ್ನು ನೋಡಿ ಖಚಿತ ಮಾಡಿಕೊಳ್ಳಿ. ಮೂತಿಯವರೆಗೂ ಲೋಹದ ಬಾಡಿ ಇದ್ದರೆ ಫ್ಲಶ್. ಪ್ಲಾಸ್ಟಿಕ್ ಮೂತಿ ಹೊರಗೆ ಚಾಚಿದ್ದರೆ ನಾನ್-ಫ್ಲಶ್. "ಮೂರು ವೈರಿಂದು ಸ್ಟಾಕ್ ಇಲ್ಲ, ಎರಡು ವೈರಿಂದು ತಗೊಳ್ಳಿ ಸಾರ್, ಪಿಎನ್‌ಪಿ-ಎನ್‌ಪಿಎನ್ ತಲೆನೋವೇ ಇಲ್ಲ" ಅಂದರೆ ಕೂಡಲೇ ಹೂಂ ಅನ್ನಬೇಡಿ. ಎರಡು ವೈರಿನ ಸೆನ್ಸರ್ ಆಫ್ ಆಗಿದ್ದಾಗಲೂ ತಾನು ಬದುಕಿರಲು ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಕೆಲವು ಪಿಎಲ್‌ಸಿ ಇನ್‌ಪುಟ್‌ಗಳು ಅಷ್ಟಕ್ಕೇ ಆನ್ ಆಗಿ ಉಳಿಯುತ್ತವೆ. ಸೆನ್ಸರಿನ ಡೇಟಾಶೀಟ್‌ನಲ್ಲಿ ಆಫ್ ಇದ್ದಾಗಿನ ಲೀಕೇಜ್ ಕರೆಂಟ್, ಪಿಎಲ್‌ಸಿ ಮ್ಯಾನುಯಲ್‌ನಲ್ಲಿ ಇನ್‌ಪುಟ್‌ನ ಆಫ್ ಕರೆಂಟ್, ಎರಡನ್ನೂ ನೋಡಿ. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆ ಇದ್ದರೆ ತಗೊಳ್ಳಿ.