ಹೊಳೆಬಾಗಿಲಿಗೆ ಬಂದು ನೀರಿಗಿಳಿಯುತ್ತಿದ್ದ ರಸ್ತೆ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಆವಿನಹಳ್ಳಿ ಹಾದು ಹೊಳೆಬಾಗಿಲಿಗೆ ಹೋಗುವ ರಸ್ತೆಯ ಉದ್ದ ಮೂವತ್ತು ಕಿಲೋಮೀಟರಿನ ಆಸುಪಾಸು. ಆರು ದಶಕಗಳಷ್ಟು ಕಾಲ ಅದು ಅಂಬಾರಗೋಡ್ಲು ದಡದಲ್ಲಿ ಶರಾವತಿ ಹಿನ್ನೀರಿಗೆ ಇಳಿದು ಮುಗಿಯುತ್ತಿತ್ತು. ಆಚೆ ಕಳಸವಳ್ಳಿ ದಡದಿಂದ ತುಮರಿ, ಬ್ಯಾಕೋಡು, ಸಿಗಂದೂರು. ನಡುವೆ ಜನರ ಜೊತೆ ಬಸ್ಸು, ಕಾರುಗಳನ್ನೂ ಹೊತ್ತು ದಾಟಿಸುವ ಲಾಂಚು.

ಹೊಳೆ ಇಲ್ಲಿ ಮೊದಲಿಂದಲೂ ಇತ್ತು, ಆದರೆ ಇಷ್ಟು ಅಗಲವಿರಲಿಲ್ಲ. 1948ರ ಹೊತ್ತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಹಿರೇಭಾಸ್ಕರವೇ ನೀರಿನಡಿ ಸೇರಿತು. ಕಡುಬೇಸಿಗೆಯಲ್ಲಿ ನೀರು ತಳ ಸೇರಿದಾಗ ಮಡೆನೂರಿನ ಕಟ್ಟೆ ಈಗಲೂ ತಲೆ ಎತ್ತುತ್ತದೆ. ಗದ್ದೆ, ತೋಟ, ಮನೆ, ಓಡಾಡುವ ದಾರಿ ಎಲ್ಲ ಮುಳುಗಡೆಯಾದ ಮೇಲೆ ತುಮರಿ ಕಡೆಯ ಕರೂರು ಹೋಬಳಿಯ ಜನಕ್ಕೆ ತಮ್ಮದೇ ತಾಲ್ಲೂಕು ಕೇಂದ್ರವಾದ ಸಾಗರ ಆಚೆ ದಡದ ಊರಾಯಿತು. ನಕಾಶೆಯಲ್ಲಿ ತುಮರಿ ದ್ವೀಪವಲ್ಲ. ನಿಟ್ಟೂರು, ನಗರ, ಹೊಸನಗರ ಸುತ್ತಿದರೆ ನೆಲದ ದಾರಿಯಿದೆ. ಆದರೆ ಆ ಸುತ್ತು ಸುಮಾರು 80 ಕಿಲೋಮೀಟರು. ಹೆರಿಗೆ ನೋವು ಬಂದವರಿಗೂ ಹಾವು ಕಚ್ಚಿದವರಿಗೂ ಅದು ದಾರಿಯೇ ಅಲ್ಲ. ಸಂಜೆ ಕೊನೆಯ ಲಾಂಚು ಹೋದ ಮೇಲೆ ಆ ಸೀಮೆ ದ್ವೀಪವೇ ಆಗುತ್ತಿತ್ತು.

ಬೇಸಿಗೆಯಲ್ಲಿ ಲಾಂಚಿಗೆ ತೊಂದರೆಯಾಗುತ್ತಿದ್ದುದಕ್ಕೆಲ್ಲ ಎಂಜಿನ್ನನ್ನೇ ದೂರುವುದು ಸರಿಯಲ್ಲ. ಮೂಲ ಇರುವುದು ನೀರಿನ ಮಟ್ಟದಲ್ಲಿ. ಇದು ಕೆರೆಯಲ್ಲ, ವಿದ್ಯುತ್ತಿಗಾಗಿ ತುಂಬಿಸಿ ಬರಿದು ಮಾಡುವ ಜಲಾಶಯ. ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ತಡವಾದ ವರ್ಷ ಮಟ್ಟ ಅದಕ್ಕಿಂತ ಹತ್ತಾರು ಅಡಿ ಕೆಳಗಿಳಿಯುತ್ತದೆ. ದಡದ ಇಳಿಜಾರು ಹತ್ತಕ್ಕೆ ಒಂದು ಎಂದಿಟ್ಟುಕೊಳ್ಳಿ: ನೀರು ಒಂದಡಿ ಇಳಿದರೆ ಅಂಚು ಹತ್ತಡಿ ದೂರ ಸರಿಯುತ್ತದೆ, ಐವತ್ತಡಿ ಇಳಿದರೆ ಐನೂರು ಅಡಿ. ಕಾಂಕ್ರೀಟಿನ ಇಳಿದಾಣವನ್ನು ಎಷ್ಟೆಂದು ಉದ್ದ ಮಾಡುವುದು? ಅದು ಮುಗಿದಲ್ಲಿಂದ ಹಳೆಯ ಗದ್ದೆಯ ಕೆಸರು. ಅಲ್ಲಿ ಕಲ್ಲು, ಜಲ್ಲಿ ಹಾಕಿ ತಾತ್ಕಾಲಿಕ ದಾರಿ ಮಾಡಬೇಕು, ನೀರು ಸರಿದ ಹಾಗೆ ಮತ್ತೆ ಮುಂದಕ್ಕೆ. ಲಾಂಚಿನ ಹಲಗೆ ಗಟ್ಟಿ ನೆಲದ ಮೇಲೆ ಕೂರದಿದ್ದರೆ ಬಸ್ಸಿನ ಮುಂದಿನ ಚಕ್ರ ಹತ್ತುವಾಗಲೇ ಹಲಗೆ ಹೂತುಹೋಗುತ್ತದೆ. ಇಷ್ಟಾದ ಮೇಲೆ ಮುಳುಗಿದ ಕಾಡಿನ ಬೊಡ್ಡೆಗಳಿವೆ. ನೀರು ಕಡಿಮೆಯಾದಷ್ಟೂ ಅವು ಲಾಂಚಿನ ತಳಕ್ಕೂ ಪಂಖಕ್ಕೂ ಹತ್ತಿರ. ಅದಕ್ಕೇ ನೀರು ತೀರಾ ಇಳಿದಿದ್ದ 2023ರ ಜೂನ್‌ನಂಥ ದಿನಗಳಲ್ಲಿ ಮೊದಲು ನಿಲ್ಲಿಸಿದ್ದು ವಾಹನಗಳನ್ನು, ಜನರನ್ನಲ್ಲ. ಭಾರ ಕಡಿಮೆಯಾದರೆ ಲಾಂಚು ನೀರಿನಲ್ಲಿ ಅಷ್ಟು ಆಳಕ್ಕೆ ಕೂರುವುದಿಲ್ಲ.

ಸಿಗಂದೂರು ಚೌಡೇಶ್ವರಿಯ ಭಕ್ತರು ಹೆಚ್ಚಿದ ಮೇಲೆ ಇನ್ನೊಂದು ಒತ್ತಡ ಸೇರಿತು. ರಜಾದಿನಗಳಲ್ಲಿ ಹೊರಗಿನ ಕಾರುಗಳ ಸಾಲು ರಸ್ತೆಯ ಮೇಲೆ ಹಿಂದಕ್ಕೆ ಬೆಳೆಯುತ್ತಿತ್ತು. ಅದೇ ಸಾಲಿನಲ್ಲಿ ಅಡಿಕೆ ಹೊತ್ತ ಜೀಪೂ ಆಸ್ಪತ್ರೆಗೆ ಹೊರಟವರೂ ಸಿಕ್ಕಿಬೀಳುತ್ತಿದ್ದರು. ಯಾತ್ರಿಕರಿಗೆ ಲಾಂಚು ಒಂದು ದಿನದ ಸಂಭ್ರಮ. ತುಮರಿ, ಕುದರೂರು, ಚನ್ನಗೊಂಡ ಪಂಚಾಯಿತಿಗಳ ಜನಕ್ಕೆ ನಿತ್ಯದ ಬದುಕು. ನಾಡಿಗೆ ಬೆಳಕು ಕೊಡಲು ಊರು ಬಿಟ್ಟುಕೊಟ್ಟವರು ಒಂದು ಸೇತುವೆಗೆ ಇಷ್ಟು ದೀರ್ಘಕಾಲ ಕಾಯುವಂತಾಗಬಾರದಿತ್ತು.

ಆ ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರ ಫೆಬ್ರವರಿಯಲ್ಲಿ. ಅದಕ್ಕೆ ದಾರಿಯಾದದ್ದು ರಸ್ತೆಯ ದರ್ಜೆ ಬದಲಾದದ್ದು: ಸಾಗರದಿಂದ ಮರಕುಟುಕ ಎಂಬ ಊರಿನವರೆಗಿನ ದಾರಿ ರಾಷ್ಟ್ರೀಯ ಹೆದ್ದಾರಿ 369ಇ ಎನಿಸಿಕೊಂಡಿತು, ಹಣ ಕೇಂದ್ರದಿಂದ ಬಂತು. ಎರಡು ಕಿಲೋಮೀಟರಿಗೂ ಉದ್ದದ, ಸುಮಾರು 473 ಕೋಟಿ ರೂಪಾಯಿಯ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಹಿನ್ನೀರಿನ ಆಳದ ಭಾಗದಲ್ಲಿ ಕಂಬಗಳ ನಡುವಿನ ಅಂತರ ಹೆಚ್ಚಿಸಲು ಅಲ್ಲಿ ತಂತಿಗಳಿಂದ ಎತ್ತಿ ಹಿಡಿದ ವಿನ್ಯಾಸವಿದೆ. ನೀರು ಏರಲಿ ಇಳಿಯಲಿ, ದಾಟುವುದಕ್ಕೆ ಈಗ ಕೆಲವೇ ನಿಮಿಷ, ರಾತ್ರಿಯಲ್ಲೂ.

ಆದರೆ ಸೇತುವೆ ಇಳಿದ ಮೇಲಿನ ದಾರಿ ಮಲೆನಾಡಿನ ಹಳೆಯ ದಾರಿಯೇ: ಕಿರಿದು, ತಿರುವು ಹೆಚ್ಚು, ಅಕ್ಕಪಕ್ಕ ಕಾಡು. ಲಾಂಚು ಒಂದು ಸಲಕ್ಕೆ ಕೆಲವೇ ವಾಹನ ಬಿಡುತ್ತಿದ್ದುದರಿಂದ ಆ ರಸ್ತೆಗೆ ತಾನಾಗಿಯೇ ಒಂದು ಮಿತಿ ಇತ್ತು. ಈಗ ಆ ಮಿತಿ ಇಲ್ಲ. ಇನ್ನು ಕಾರ್ಗಲ್ ಕಡೆಯಿಂದ ಬಂದು ನೀರಿಗಿಳಿಯುವ ಮುಪ್ಪಾನೆಯ ಕಡವಿಗೆ ಸೇತುವೆಯಿಲ್ಲ. ಅಲ್ಲಿ ದಾಟುವವರು ಬೇಸಿಗೆ ಬಂದರೆ ನೀರಿನ ಅಂಚನ್ನೇ ನೋಡುತ್ತ ನಿಲ್ಲಬೇಕು.