ಬೆನಿನ್‌ನ ಕಂಚು: ಮರಳಿ ಕೇಳಿದವರ ಚರಿತ್ರೆ

2022ರ ಜುಲೈ 1ರಂದು ಜರ್ಮನಿ ಮತ್ತು ನೈಜೀರಿಯಾ ಸರ್ಕಾರಗಳು ಬರ್ಲಿನ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಜರ್ಮನ್ ವಸ್ತುಸಂಗ್ರಹಾಲಯಗಳಲ್ಲಿದ್ದ 1,100ಕ್ಕೂ ಹೆಚ್ಚು ಬೆನಿನ್ ಕಲಾಕೃತಿಗಳ ಒಡೆತನ ನೈಜೀರಿಯಾಕ್ಕೆ ಹಿಂದಿರುಗುವ ದಾರಿ ಅದರಿಂದ ತೆರೆಯಿತು. ಜಗತ್ತಿನ ಪತ್ರಿಕೆಗಳು ಇದನ್ನು ಬಹುಮಟ್ಟಿಗೆ ಯುರೋಪಿನ ಆತ್ಮಸಾಕ್ಷಿ ಎಚ್ಚೆತ್ತ ಕಥೆಯಾಗಿ ಬರೆದವು. ಆದರೆ ಈ ಕಥೆ ಆರಂಭವಾಗುವುದು ಯುರೋಪಿನಲ್ಲಲ್ಲ. ಕೊಟ್ಟವರಿಗಿಂತ ಬಹಳ ಮೊದಲೇ ಕೇಳಿದವರಿದ್ದರು, ಅವರು ಬೆನಿನ್ ನಗರದ ಅರಮನೆಯಲ್ಲಿದ್ದರು.

ಇಲ್ಲಿ ಬೆನಿನ್ ಎಂದರೆ ಇಂದಿನ ನೈಜೀರಿಯಾದ ದಕ್ಷಿಣ ಭಾಗದಲ್ಲಿರುವ, ಎಡೊ ಜನರ ಹಳೆಯ ರಾಜ್ಯ. ಪಕ್ಕದಲ್ಲಿ ಅದೇ ಹೆಸರಿನ ದೇಶವೊಂದಿದೆ, ಆದರೆ ಅದು 1975ರವರೆಗೆ ದಾಹೊಮಿ ಎಂದೇ ಕರೆಸಿಕೊಳ್ಳುತ್ತಿತ್ತು. ಎಡೊ ಜನರ ಅರಸನಿಗೆ ಓಬಾ ಎಂಬ ಬಿರುದು. ನಗರದ ಇಗುನ್ ಬೀದಿಯಲ್ಲಿ ಓಬಾನಿಗಾಗಿಯೇ ಲೋಹ ಎರಕ ಹೊಯ್ಯುವ ಕುಶಲಕರ್ಮಿಗಳ ಶ್ರೇಣಿ ನೆಲೆಸಿತ್ತು. ಮೇಣದ ಅಚ್ಚನ್ನು ಮಣ್ಣಿನಲ್ಲಿ ಹುದುಗಿಸಿ, ಮೇಣ ಕರಗಿ ಹೋದ ಜಾಗಕ್ಕೆ ಕಾದ ಲೋಹವನ್ನು ಸುರಿದು ಅವರು ಮಾಡಿದ ಫಲಕಗಳು, ತೀರಿಹೋದ ಅರಸರ ಶಿರಗಳು, ಹುಂಜ ಮತ್ತು ಚಿರತೆಗಳ ಮೂರ್ತಿಗಳಿಗೆ ಲೋಕ ‘ಬೆನಿನ್ ಕಂಚು’ ಎಂಬ ಹೆಸರು ಕೊಟ್ಟಿದೆ, ಅವುಗಳಲ್ಲಿ ಹೆಚ್ಚಿನವು ಹಿತ್ತಾಳೆಯವಾದರೂ. ಅವು ಅರಮನೆಯ ಅಲಂಕಾರಕ್ಕಾಗಿ ಮಾತ್ರ ಇದ್ದವಲ್ಲ. ಯಾವ ಅರಸ ಯಾರೊಂದಿಗೆ ಯುದ್ಧ ಮಾಡಿದ, ಪೋರ್ಚುಗೀಸರು ಯಾವ ವೇಷದಲ್ಲಿ ಬಂದರು, ಆಸ್ಥಾನದಲ್ಲಿ ಯಾರ ಸ್ಥಾನ ಎಲ್ಲಿತ್ತು ಎಂಬುದನ್ನೆಲ್ಲ ದಾಖಲಿಸಿದ ಆ ಫಲಕಗಳು ಬರವಣಿಗೆಯಿಲ್ಲದ ಆಸ್ಥಾನವೊಂದರ ಪತ್ರಾಗಾರವೇ ಆಗಿದ್ದವು. ಪೂರ್ವಜರ ಪೀಠಗಳ ಮೇಲಿದ್ದ ಲೋಹದ ಶಿರಗಳ ಮೂಲಕ ಹಾಲಿ ಓಬಾ ತನ್ನ ತಂದೆ, ಅಜ್ಜಂದಿರಿಗೆ ಪೂಜೆ ಸಲ್ಲಿಸುತ್ತಿದ್ದ.

ತಾಳೆ ಎಣ್ಣೆ ಮತ್ತು ರಬ್ಬರಿನ ವ್ಯಾಪಾರಕ್ಕೆ ಓಬಾ ಒವೊನ್‌ರಾಮ್‌ವೆನ್ ಅಡ್ಡಿಯಾಗಿದ್ದಾನೆ ಎಂಬುದು ಕರಾವಳಿಯ ಬ್ರಿಟಿಷರ ದೂರಾಗಿತ್ತು. ಹಂಗಾಮಿ ಕಾನ್ಸಲ್ ಜನರಲ್ ಜೇಮ್ಸ್ ಫಿಲಿಪ್ಸ್ 1896ರ ನವೆಂಬರಿನಲ್ಲೇ ಲಂಡನ್ನಿಗೆ ಪತ್ರ ಬರೆದು, ಓಬಾನನ್ನು ಪದಚ್ಯುತಗೊಳಿಸಲು ಅನುಮತಿ ಕೋರಿದ್ದ. ಅದರ ಖರ್ಚನ್ನು ಅರಮನೆಯಲ್ಲಿ ಸಿಗಬಹುದಾದ ದಂತದಿಂದ ಭರಿಸಬಹುದು ಎಂಬ ಲೆಕ್ಕವೂ ಆ ಪತ್ರದಲ್ಲಿತ್ತು. ಒಪ್ಪಿಗೆಗೆ ಕಾಯದೆ, ಓಬಾ ಧಾರ್ಮಿಕ ಆಚರಣೆಯಲ್ಲಿರುವುದರಿಂದ ಈಗ ಬರಬೇಡಿ ಎಂಬ ಮಾತನ್ನೂ ಕೇಳದೆ 1897ರ ಜನವರಿಯಲ್ಲಿ ಆತ ಹೊರಟ. ದಾರಿಯಲ್ಲಿ ನಡೆದ ದಾಳಿಯಲ್ಲಿ ಆತನೂ ತಂಡದ ಹೆಚ್ಚಿನವರೂ ಸತ್ತರು. ಮರುತಿಂಗಳೇ ಅಡ್ಮಿರಲ್ ಹ್ಯಾರಿ ರಾಸನ್‌ನ ನೇತೃತ್ವದ ಪಡೆ ನಗರವನ್ನು ವಶಪಡಿಸಿಕೊಂಡಿತು, ಅರಮನೆ ಸುಟ್ಟು ಹೋಯಿತು. ಸಾವಿರಾರು ಕೃತಿಗಳು ಲೂಟಿಯಾದವು. ಒಂದಷ್ಟನ್ನು ಅಧಿಕಾರಿಗಳು ಹಂಚಿಕೊಂಡರು, ಉಳಿದವು ಮಾರಾಟವಾಗಿ ಲಂಡನ್, ಬರ್ಲಿನ್, ವಿಯೆನ್ನಾಗಳನ್ನು ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಗೆ ಏನಾಯಿತೆಂದು ಬಲ್ಲ ಕನ್ನಡಿಗರಿಗೆ ಈ ಕ್ರಮ ಹೊಸದಾಗಿ ತೋರದು. ಓಬಾನನ್ನು ಕ್ಯಾಲಬಾರ್‌ಗೆ ಗಡೀಪಾರು ಮಾಡಲಾಯಿತು, 1914ರಲ್ಲಿ ಆತ ಅಲ್ಲಿಯೇ ತೀರಿಕೊಂಡ.

ಯುರೋಪು ಈ ಕೃತಿಗಳನ್ನು ಕಂಡು ಬೆರಗಾಯಿತು, ಆದರೆ ಆ ಬೆರಗಿನೊಳಗೇ ಅವಮಾನವಿತ್ತು. ಆಫ್ರಿಕನ್ನರು ಇಷ್ಟು ಸೂಕ್ಷ್ಮವಾದ ಎರಕವನ್ನು ತಾವಾಗಿಯೇ ಕಲಿತಿರಲಾರರು, ಪೋರ್ಚುಗೀಸರೋ ಈಜಿಪ್ಟಿನವರೋ ಕಲಿಸಿರಬೇಕು ಎಂಬ ಊಹೆಗಳು ಹಬ್ಬಿದವು. ಬರ್ಲಿನ್ನಿನ ವಸ್ತುಸಂಗ್ರಹಾಲಯದ ವಿದ್ವಾಂಸ ಫೆಲಿಕ್ಸ್ ಫಾನ್ ಲುಶಾನ್‌ನಂತಹ ಕೆಲವರು ಈ ಕೌಶಲ ಯುರೋಪಿನ ಅತ್ಯುತ್ತಮ ಎರಕಕ್ಕೆ ಸಮನಾದದ್ದೆಂದೂ ಆಫ್ರಿಕನ್ನರದ್ದೇ ಎಂದೂ ವಾದಿಸಿದರು. ಆದರೆ ಹಾಗೆ ವಾದಿಸಿದವರೂ ಕೃತಿಗಳನ್ನು ಸಂಗ್ರಹಿಸುವುದನ್ನು ಬಿಡಲಿಲ್ಲ.

ಮರಳಿ ಕೇಳುವ ಕೆಲಸ ವಸಾಹತು ಆಳ್ವಿಕೆಯ ನಡುವೆಯೇ ಆರಂಭವಾಯಿತು. 1914ರಲ್ಲಿ ಪಟ್ಟಕ್ಕೆ ಬಂದ ಎರಡನೇ ಎವೆಕಾ ಸ್ವತಃ ಕುಶಲಕರ್ಮಿಯಾಗಿದ್ದು, ಇಗುನ್ ಬೀದಿಯ ಕುಲುಮೆಗಳಿಗೆ ಮತ್ತೆ ಜೀವ ಕೊಟ್ಟ. ಅವನ ಮಗ ಎರಡನೇ ಅಕೆಂಜುವಾ 1930ರ ದಶಕದಲ್ಲಿ ಬರ್ಲಿನ್ನಿನಲ್ಲಿದ್ದ ಎರಡು ರಾಜಪೀಠಗಳನ್ನು ಕೇಳಿದಾಗ ಸಿಕ್ಕಿದ್ದು ಪ್ರತಿಕೃತಿಗಳು ಮಾತ್ರ. 1938ರಲ್ಲಿ ಒವೊನ್‌ರಾಮ್‌ವೆನ್‌ನ ಹವಳದ ರಾಜಭೂಷಣಗಳಲ್ಲಿ ಕೆಲವು ಬ್ರಿಟನ್ನಿನಿಂದ ಹಿಂದಿರುಗಿದವು. 1950ರ ದಶಕದ ಆರಂಭದಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನಲ್ಲಿದ್ದ ಕೆಲವು ಫಲಕಗಳನ್ನು ನೈಜೀರಿಯಾಕ್ಕೆ ಮಾರಿತು. ತಮ್ಮದನ್ನೇ ಹಣ ಕೊಟ್ಟು ಕೊಳ್ಳಬೇಕಾದ ಆ ಸ್ಥಿತಿಯನ್ನು ನೆನೆದರೆ ಇಂದಿಗೂ ನೋವಾಗುತ್ತದೆ.

1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಈ ಬೇಡಿಕೆ ಒಂದು ಅರಮನೆಯ ಅಳಲಾಗಿ ಉಳಿಯಲಿಲ್ಲ. 1966ರಲ್ಲಿ ಡಕಾರ್‌ನಲ್ಲಿ ಕರಿಯರ ಕಲೆಗಳ ಮೊದಲ ವಿಶ್ವ ಉತ್ಸವವನ್ನು ಸೆನೆಗಲ್‌ನ ಅಧ್ಯಕ್ಷ, ಕವಿ ಸೆಂಘೋರ್ ನಡೆಸಿದ್ದರು. 1977ರ ಜನವರಿ ಮತ್ತು ಫೆಬ್ರವರಿಯಲ್ಲಿ ಲಾಗೋಸ್‌ನಲ್ಲಿ ನಡೆದ ಎರಡನೆಯ ಉತ್ಸವ ಫೆಸ್ಟಾಕ್‌ಗೆ ಆಫ್ರಿಕಾದಿಂದಲೂ ಅಮೆರಿಕ, ಕೆರಿಬಿಯನ್, ಬ್ರೆಜಿಲ್‌ಗಳಿಂದಲೂ ಸಾವಿರಾರು ಕಲಾವಿದರು ಬಂದರು. ಹದಿನಾರನೇ ಶತಮಾನದ ರಾಜಮಾತೆ ಇದಿಯಾಳ ದಂತದ ಮುಖವಾಡ ಅದರ ಲಾಂಛನ. ಅದು ಲೂಟಿಯಾಗಿ ಬ್ರಿಟಿಷ್ ಮ್ಯೂಸಿಯಂ ಸೇರಿತ್ತು. ಉತ್ಸವದ ಮಟ್ಟಿಗಾದರೂ ಕೊಡಿ ಎಂದಾಗ, ಪ್ರಯಾಣಕ್ಕೆ ತಡೆಯಲಾರದಷ್ಟು ನಾಜೂಕಾಗಿದೆ ಎಂಬ ಕಾರಣ ಕೊಟ್ಟು ಮ್ಯೂಸಿಯಂ ನಿರಾಕರಿಸಿತು. ಉತ್ಸವಕ್ಕಾಗಿ ಪ್ರತಿಕೃತಿಯನ್ನು ಹೊಸದಾಗಿ ಕೆತ್ತಿಸಬೇಕಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುವು ಆ ನಿರಾಕರಣೆಯಲ್ಲಿದೆ. ಬಟ್ಟೆ, ಭಿತ್ತಿಪತ್ರ, ಅಂಚೆಚೀಟಿಗಳ ಮೇಲೆಲ್ಲ ಅಚ್ಚಾದ ಇದಿಯಾಳ ಮುಖ ಎಡೊ ಜನರ ಆಚೆಗೂ ಲಕ್ಷಾಂತರ ಆಫ್ರಿಕನ್ನರ ಸ್ವಾಭಿಮಾನದ ಗುರುತಾಯಿತು.

ಮುಂದಿನ ನಾಲ್ಕು ದಶಕಗಳಲ್ಲಿ ಮಾತುಕತೆ ನಡೆದಷ್ಟು ಕೃತಿಗಳು ಚಲಿಸಲಿಲ್ಲ. 2017ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಬುರ್ಕಿನಾ ಫಾಸೊದ ರಾಜಧಾನಿ ಔಗಡೌಗುವಿನಲ್ಲಿ, ಆಫ್ರಿಕಾದ ಪರಂಪರೆಯ ವಸ್ತುಗಳನ್ನು ಹಿಂದಿರುಗಿಸಬೇಕೆಂದು ಮಾಡಿದ ಭಾಷಣದ ನಂತರ ಒತ್ತಡ ಹೆಚ್ಚಿತು. 2021ರ ಅಕ್ಟೋಬರಿನಲ್ಲಿ ಕೇಂಬ್ರಿಡ್ಜಿನ ಜೀಸಸ್ ಕಾಲೇಜು ತನ್ನಲ್ಲಿದ್ದ ಹುಂಜದ ಮೂರ್ತಿಯನ್ನೂ, ಅಬರ್ಡೀನ್ ವಿಶ್ವವಿದ್ಯಾಲಯ ಓಬಾನ ಶಿರವೊಂದನ್ನೂ ಒಪ್ಪಿಸಿದವು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಗಳೂ ಅದೇ ಹಾದಿ ಹಿಡಿದವು. 2025ರಲ್ಲಿ ನೆದರ್‌ಲೆಂಡ್ಸ್ 119 ಕೃತಿಗಳನ್ನು ಕಳುಹಿಸಿತು.

ಬಂದವು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಈಗ ಸ್ವದೇಶದಲ್ಲೇ ಎದ್ದಿದೆ. 2023ರಲ್ಲಿ ನೈಜೀರಿಯಾದ ಅಧ್ಯಕ್ಷ ಬುಹಾರಿ ಹೊರಡಿಸಿದ ಆದೇಶ ಓಬಾ ಎರಡನೇ ಎವುಆರೆಯನ್ನೇ ಒಡೆಯನೆಂದು ಗುರುತಿಸಿತು. ಕೆಲವು ಜರ್ಮನ್ ಪತ್ರಿಕೆಗಳು ಇದನ್ನು ತೀವ್ರವಾಗಿ ಟೀಕಿಸಿದವು. ಇದಕ್ಕಿಂತ ಆಳವಾದ ತಕರಾರು ಅಮೆರಿಕದಲ್ಲಿರುವ ಗುಲಾಮರ ವಂಶಜರದ್ದು. ಯುರೋಪಿನ ವರ್ತಕರು ಮಾನಿಲ್ಲಾ ಎಂಬ ಹಿತ್ತಾಳೆಯ ಕಡಗಗಳನ್ನು ಕೊಟ್ಟು ಮನುಷ್ಯರನ್ನು ಕೊಂಡಿದ್ದರು, ಆ ಕಡಗಗಳೇ ಕರಗಿ ಫಲಕಗಳಾದವು, ಆದ್ದರಿಂದ ತಮಗೂ ಇವುಗಳಲ್ಲಿ ಪಾಲಿದೆ ಎಂದು ಅವರಲ್ಲಿ ಕೆಲವರು ಹೇಳುತ್ತಾರೆ. ಬೆನಿನ್‌ನ ವೈಭವವನ್ನು ಹೊಗಳುವವರು ಈ ಮಾತನ್ನು ತಳ್ಳಿಹಾಕಬಾರದು. ಗುಲಾಮರ ವ್ಯಾಪಾರದ ನೋವನ್ನೂ ತನ್ನ ಚರಿತ್ರೆಯೆಂದು ಒಪ್ಪುವ ಹೆಮ್ಮೆಯೇ ಗಟ್ಟಿಯಾದದ್ದು. ಆದರೆ ಈ ತಕರಾರುಗಳನ್ನು ಬಗೆಹರಿಸಿಕೊಳ್ಳಬೇಕಾದವರು ಆಫ್ರಿಕನ್ನರು ಮತ್ತು ಅವರ ವಂಶಜರು. ಲೂಟಿಯ ಮಾಲನ್ನು ಇಟ್ಟುಕೊಂಡವರಿಗೆ ಅದು ನೆಪವಾಗಬಾರದು.

ಎಲ್ಲಕ್ಕಿಂತ ದೊಡ್ಡ ಸಂಗ್ರಹವೊಂದು, 900ಕ್ಕೂ ಹೆಚ್ಚು ಕೃತಿಗಳದ್ದು, ಇನ್ನೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1963ರ ಕಾಯಿದೆ ಅಲ್ಲಿನ ವಸ್ತುಗಳನ್ನು ಶಾಶ್ವತವಾಗಿ ಬಿಟ್ಟುಕೊಡುವುದನ್ನು ಬಹುತೇಕ ನಿಷೇಧಿಸುತ್ತದೆ. 2024ರಲ್ಲಿ ಘಾನಾದ ಅಸಾಂತೆ ಅರಮನೆಯ ಚಿನ್ನದ ವಸ್ತುಗಳನ್ನು ಲಂಡನ್ನಿನ ಸಂಸ್ಥೆಗಳು ಕುಮಾಸಿಗೆ ಎರವಲಾಗಿ ಕಳುಹಿಸಿದ್ದು ಇಂತಹ ಕಾನೂನುಗಳ ಕಾರಣದಿಂದಲೇ. ಬೆನಿನ್‌ನ ವಿಷಯದಲ್ಲಿ ಎರವಲು ಪರಿಹಾರವಾಗದು, ಏಕೆಂದರೆ ಎರವಲು ಪಡೆಯುವುದೆಂದರೆ 1897ರ ಲೂಟಿಯಿಂದ ಒಡೆತನ ಹುಟ್ಟಿತೆಂದು ಸಹಿ ಹಾಕಿದಂತಾಗುತ್ತದೆ. ಆ ಕಾಯಿದೆಯನ್ನು ತಿದ್ದುವ ಅಧಿಕಾರ ಬ್ರಿಟಿಷ್ ಸಂಸತ್ತಿಗಿದೆ.