ಮಲೆನಾಡಿನ ದಾಖಲೆಗೆ ಬಂದ ಕೃಷ್ಣಮೃಗ

ಮೂಡಿಗೆರೆ ತಾಲ್ಲೂಕಿನ ಒಂದು ಗ್ರಾಮಸಭೆ. ಬೀರುವಿನಲ್ಲಿದ್ದ ಜೀವವೈವಿಧ್ಯ ದಾಖಲಾತಿ ತೆಗೆದು ಓದುತ್ತಿದ್ದೆ. ಕಾಡುಕೋಣ ಆಯಿತು, ಕಡವೆ ಆಯಿತು, ಆಮೇಲೆ ಕೃಷ್ಣಮೃಗ ಅಂತ ಬಂತು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೇಳಿದರು: "ಅಲ್ಲ ಮಾರಾಯ್ರೆ, ಅದು ನಮ್ಮೂರಿಗೆ ಯಾವ ಬಸ್ಸಲ್ಲಿ ಬಂತು?"

ಸಭೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪಂಚಾಯಿತಿ ತರಬೇತಿ ಕೊಡುವುದು ನನ್ನ ಕೆಲಸ. ಆ ಪುಸ್ತಕ ತುಂಬಿಸಿದವರಲ್ಲಿ ನಾನೂ ಒಬ್ಬ.

ಕೃಷ್ಣಮೃಗ ಇರುವುದು ಬಯಲುಸೀಮೆಯ ಕಡೂರು ಕಡೆ, ಬಾಸೂರು ಅಮೃತಮಹಲ್ ಕಾವಲಿನ ಹುಲ್ಲಿನಲ್ಲಿ. ಜಿಲ್ಲೆ ಒಂದೇ, ಸೀಮೆ ಬೇರೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರವರನ್ನು ಕೇಳಿ ಊರಿನ ಗಿಡ, ಪ್ರಾಣಿ, ತಳಿ, ಬಳಕೆ ಎಲ್ಲವನ್ನೂ ಬರೆದಿಡಬೇಕು. ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ. ಸರಿ, ಶುರುವಾಯಿತು ಓಟ. ಒಂದು ಪಂಚಾಯಿತಿಯ ಫೈಲು ಪೆನ್‌ಡ್ರೈವ್‌ನಲ್ಲಿ ಇನ್ನೊಂದಕ್ಕೆ ಹೋಯಿತು. ಊರಿನ ಹೆಸರು ಬದಲಾಯಿತು, ಜಿಂಕೆ ಬದಲಾಗಲಿಲ್ಲ.

ತಪ್ಪಾಗಿ ಬಂದದ್ದಕ್ಕಿಂತ ಬಿಟ್ಟುಹೋದದ್ದೇ ಜಾಸ್ತಿ. ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಬೇಯುವ ಕಳಲೆ ಅದರಲ್ಲಿ ಇಲ್ಲ. ಹಳ್ಳದ ಏಡಿ ಇಲ್ಲ, ಮರಕೆಸ ಇಲ್ಲ, ವಾಟೆಹುಳಿ ಇಲ್ಲ. 2019ರ ಆಗಸ್ಟ್ ಮಳೆಗೆ ಇದೇ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋಗಿ ಆರು ತಿಂಗಳೂ ಆಗಿರಲಿಲ್ಲ. ಅದರ ಬಗ್ಗೆಯೂ ಒಂದು ಸಾಲಿಲ್ಲ.

ಚಿಕ್ಕಮಗಳೂರಿನಲ್ಲಿ ಭಾಷಣಕ್ಕೆ ಹೋದರೆ ಓದಿದವರು ಕೇಳುತ್ತಾರೆ: "ಓಟು, ಸಭೆ ಅಂತ ಕೂತರೆ ಕಾಡು ಉಳಿಯುತ್ತಾ ಸಾರ್? ಮೇಲಿಂದ ಒಂದು ಆರ್ಡರ್ ಹೊಡೆದರೆ ಸಾಕಲ್ವಾ?" ಆರ್ಡರ್ ಹೊಡೆದಿದ್ದರಲ್ಲ, ಬಂದದ್ದು ಕೃಷ್ಣಮೃಗ.

ಹಾಗಂತ ಕೆಳಗಿನಿಂದ ಹೋಗುವ ಕಾಗದವೆಲ್ಲ ಸಾಚಾ ಅಂತಲೂ ನಾನು ಹೇಳುವುದಿಲ್ಲ. ಗಣಿ, ಕ್ವಾರಿಗೆ ತಡೆ ಹಾಕಲು ಪಶ್ಚಿಮಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕಥೆ ನೋಡಿ. 2011ರ ಗಾಡ್ಗೀಳ್ ವರದಿ, ಗಡಿಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಕೊನೆ ಮಾಡಿ ಎಂದಿತ್ತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹದ ಚಿತ್ರ ನೋಡಿ ಊರುಗಳನ್ನು ಗುರುತಿಸಿತು. ಕೇಂದ್ರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2014ರಿಂದ 2024ರವರೆಗೆ ಆರು ಕರಡು ಬಂದವು, ಪ್ರತಿ ಸಲ ಆಕ್ಷೇಪಣೆಗೆ 60 ದಿನ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಬೇಡ ಎಂದಿತು. ಈ ನಡುವೆ ನಮ್ಮ ಕಡೆ ನಾನು ನೋಡಿದ ಕೆಲವು ಪಂಚಾಯಿತಿಗಳ ವಿರೋಧದ ಠರಾವುಗಳಲ್ಲಿ ಅಕ್ಷರ ಅಕ್ಷರ ಒಂದೇ. ಊರಿನ ಹೆಸರಿಗೆ ಮಾತ್ರ ಜಾಗ ಬಿಟ್ಟ ಜೆರಾಕ್ಸ್. ಜನರಿಗೆ ಭಯ ಇದ್ದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಂಪು ಕಲ್ಲಿನ ಕ್ವಾರಿಗೆ ಏನಾಗುತ್ತೆ, ಕಾಫಿ ತೋಟಕ್ಕೆ ಏನಾಗುತ್ತೆ ಅಂತ ಬೇರೆ ಬೇರೆ ಮಾಡಿ ಯಾರೂ ಓದಿ ಹೇಳಿರಲಿಲ್ಲ. ವಿರೋಧವೂ ಕಾಪಿ, ದಾಖಲೆಯೂ ಕಾಪಿ.

ಇನ್ನು ಸಭೆಗೆ ಬಾರದವರು. ಕಾಫಿ ತೋಟಗಳ ಲೈನ್‌ಮನೆಗಳಲ್ಲಿರುವ ಅಸ್ಸಾಂ, ಜಾರ್ಖಂಡ್ ಕಡೆಯ ಆಳುಗಳು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದವರು ಗ್ರಾಮಸಭೆಯ ಸದಸ್ಯರೂ ಅಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಆನೆಗೆ ಮೊದಲು ಎದುರಾಗುವವರು ಮಾತ್ರ ಅವರೇ. ಹೇಮಾವತಿ ಹುಟ್ಟುವುದು ಈ ತಾಲ್ಲೂಕಿನಲ್ಲಿ. ಗೊರೂರು ಅಣೆಕಟ್ಟಿನ ಕೆಳಗೆ ಅದೇ ನೀರಿಗೆ ಕಾದು ಕೂತ ರೈತನಿಗೂ ಇಲ್ಲಿ ಕುರ್ಚಿ ಇಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಾವು ಮಾಡಿದ್ದು ಸಣ್ಣ ಕೆಲಸ. ಗ್ರಾಮಸಭೆಯನ್ನು ಬೆಳಿಗ್ಗೆ 11ಕ್ಕೆ ಇಟ್ಟರೆ ಕಾಫಿ ಕುಯ್ಯುವ ಹೆಂಗಸರು ಬರುವುದು ಹೇಗೆ? ಸಂತೆ ರಜೆಯ ದಿನ ಇಟ್ಟೆವು. ಹಳೆ ದಾಖಲಾತಿ ಬದಿಗಿಟ್ಟು ಹೊಸ ಪುಸ್ತಕ ತೆರೆದೆವು. ಅಜ್ಜಿ ಹಳ್ಳದ ಮೀನು ಒಂದೊಂದಾಗಿ ಹೇಳುತ್ತಾ ಹೋದರು. ಸ್ಥಳೀಯ ಹೆಸರಿನ ಕಾಲಂ ತುಂಬಿತು, ವೈಜ್ಞಾನಿಕ ಹೆಸರಿನದು ಖಾಲಿ. ಇರಲಿ, ಅದನ್ನು ತುಂಬಲು ಕಾಲೇಜಿನವರು ಇದ್ದಾರೆ. ಆಮೇಲೆ ಅಜ್ಜಿ, ಏಪ್ರಿಲ್‌ನಲ್ಲಿ ಹಳ್ಳ ಬತ್ತುವುದು ಮೇಲಿನ ರೆಸಾರ್ಟಿನ ಪೈಪಿನಿಂದ, ಅದನ್ನೂ ಬರೀರಿ ಎಂದರು.

"ಅಜ್ಜಿ, ಅದಕ್ಕೆ ಇದರಲ್ಲಿ ಕಾಲಂ ಇಲ್ಲ" ಎಂದರು ಪಿಡಿಒ ಮೇಡಂ.

"ಇಲ್ಲದಿದ್ದರೆ ಗೀಟು ಹಾಕಿ ಮಾಡ್ಕೊಳ್ಳಿ."

ಇಂಥ ಸಾಲಿನಿಂದ ಪೈಪು ಕಿತ್ತುಬರುವುದಿಲ್ಲ. ಆದರೆ ಹಿಂದೆ ತಾಲ್ಲೂಕು ಕಚೇರಿಯೊಂದಕ್ಕೆ ಇದೇ ಹಳ್ಳದ ದೂರು ಹೋದಾಗ ಕೇಳಿದ್ದು ಒಂದೇ ಮಾತು, ದಾಖಲೆ ಏನಿದೆ? ಪುಸ್ತಕದಲ್ಲಿ ಹಳ್ಳದ ಹೆಸರೇ ಇರಲಿಲ್ಲ.

ಮೇಡಂ ಷರಾ ಕಾಲಂನಲ್ಲಿ ಬರೆದರು. ಓದಿ ಹೇಳಿ ಎಂದರು ಅಜ್ಜಿ. ಓದಿದರು. ಅಜ್ಜಿ ತಲೆ ಅಲ್ಲಾಡಿಸಿದರು. "ಎರಡು ಪೈಪಲ್ಲ ಮೇಡಂ, ಮೂರು. ಒಂದು ಲಂಟಾನದ ಒಳಗಿದೆ, ಬನ್ನಿ ತೋರಿಸ್ತೀನಿ."